ರೋನ್ ಕಣಿವೆಯ ಕೆಂಪು ವೈನ್: ಹಲವು ದ್ರಾಕ್ಷಿ, ಒಂದು ಹದ

ಕನ್ನಡದಲ್ಲಿ ‘ಬೆರಕೆ’ ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಹಾಲಿಗೆ ನೀರು, ತುಪ್ಪಕ್ಕೆ ಡಾಲ್ಡಾ, ಕಾಳುಮೆಣಸಿಗೆ ಪರಂಗಿ ಬೀಜ ಬೆರಸಿದ್ದನ್ನು ಕಂಡು ಬೆಳೆದವರಿಗೆ ಆ ಮಾತು ಕೇಳಿದೊಡನೆ ಕಲಬೆರಕೆಯೇ ನೆನಪಾಗುತ್ತದೆ. ಹೀಗಾಗಿ ಫ್ರಾನ್ಸಿನ ಒಂದು ಬಾಟಲಿಯಲ್ಲಿ ನಾಲ್ಕೈದು ತಳಿಗಳ ದ್ರಾಕ್ಷಿ ಬೆರೆತಿದೆ ಎಂದು ತಿಳಿದಾಗ, ಒಂದೇ ತಳಿಯಿಂದ ಮಾಡಿದ್ದು ಇದಕ್ಕಿಂತ ಶುದ್ಧವಲ್ಲವೇ ಎಂಬ ಅನುಮಾನ ಸಹಜವಾಗಿ ಮೂಡುತ್ತದೆ. ಆದರೆ ಹುಳಿಪುಡಿಯನ್ನು ಕೊತ್ತಂಬರಿಯೊಂದರಿಂದಲೇ ಮಾಡಬೇಕೆಂದು ನಾವು ಯಾರೂ ಹೇಳುವುದಿಲ್ಲ. ಮೆಂತ್ಯದ ಕಹಿ, ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಇಂಗಿನ ಘಾಟು ಇವೆಲ್ಲ ತಮ್ಮ ತಮ್ಮ ಪ್ರಮಾಣದಲ್ಲಿ ಕೂಡಿದಾಗಲೇ ಆ ಪುಡಿಗೆ ಅದರದೇ ಆದ ರುಚಿ ಬರುತ್ತದೆ. ಫ್ರಾನ್ಸಿನ ಹೆಸರಾಂತ ಕೆಂಪು ವೈನ್‌ಗಳಲ್ಲಿ ಹಲವು ಹೀಗೆಯೇ ಹುಟ್ಟಿದವು. ಅವುಗಳಲ್ಲಿ ದಕ್ಷಿಣ ರೋನ್ ಕಣಿವೆಯ ವೈನ್‌ನಷ್ಟು ಸ್ಪಷ್ಟವಾಗಿ ಬೆರಸುವಿಕೆಯ ತರ್ಕವನ್ನು ತೋರಿಸಿಕೊಡುವ ಇನ್ನೊಂದು ನನಗೆ ತಿಳಿದಿಲ್ಲವಾದ್ದರಿಂದ, ಇಲ್ಲಿ ಅದನ್ನೇ ಆರಿಸಿಕೊಂಡಿದ್ದೇನೆ.

ರೋನ್ ನದಿ ಸ್ವಿಟ್ಜರ್ಲೆಂಡಿನ ಹಿಮನದಿಯಲ್ಲಿ ಹುಟ್ಟಿ, ಜಿನೀವಾ ಸರೋವರವನ್ನು ಹಾದು, ಲಿಯೋ ನಗರದ ಬಳಿ ದಕ್ಷಿಣಕ್ಕೆ ತಿರುಗಿ ಮೆಡಿಟರೇನಿಯನ್ ಸಮುದ್ರವನ್ನು ಸೇರುತ್ತದೆ. ಲಿಯೋದಿಂದ ಕೆಳಗಿನ ಮೊದಲ ಭಾಗದಲ್ಲಿ ಕಣಿವೆ ಕಿರಿದು, ಗುಡ್ಡದ ಇಳಿಜಾರು ಕಡಿದು. ಅಲ್ಲಿ ಕೆಂಪು ವೈನ್‌ಗೆ ಸಿರಾ ಎಂಬ ಒಂದೇ ಕಪ್ಪು ದ್ರಾಕ್ಷಿ ಸಾಕು. ಇನ್ನೂ ಕೆಳಗೆ, ಅವಿನ್ಯೋ ಮತ್ತು ಒರಾಂಜ್ ಪಟ್ಟಣಗಳ ಸುತ್ತ, ಕಣಿವೆ ಬಯಲಾಗಿ ಹರಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿಸಿಲು ಸುಡುತ್ತದೆ. ಉತ್ತರದಿಂದ ಮಿಸ್ತ್ರಾಲ್ ಎಂಬ ಒಣ ಗಾಳಿ ಬಳ್ಳಿಗಳನ್ನು ಮುರಿಯುವಷ್ಟು ಬಿರುಸಾಗಿ ಬೀಸುತ್ತದೆ. ಅದೇ ಗಾಳಿ ಮಳೆಯ ತೇವವನ್ನು ಒಣಗಿಸಿ ದ್ರಾಕ್ಷಿಗೆ ಬೂಷ್ಟು ಹಿಡಿಯದಂತೆಯೂ ಕಾಯುತ್ತದೆ. ಹಲವು ತೋಟಗಳಲ್ಲಿ ಮಣ್ಣೇ ಕಾಣದಷ್ಟು ದಟ್ಟವಾಗಿ, ನದಿಯ ನೀರಿನಲ್ಲಿ ಉರುಳಿ ನುಣುಪಾದ ಗುಂಡುಕಲ್ಲುಗಳು ಹಾಸಿಕೊಂಡಿವೆ. ಹಗಲು ಕಾದ ಆ ಕಲ್ಲುಗಳು ರಾತ್ರಿಯೂ ಬಿಸಿಯನ್ನು ಬಿಡುತ್ತಿರುತ್ತವೆ. ಇಂಥ ನೆಲದಲ್ಲಿ ಯಾವ ಒಂದು ತಳಿಯೂ ತಾನೊಂದೇ ಎಲ್ಲ ಗುಣಗಳನ್ನೂ ಕೊಡಲಾರದು ಎಂಬುದನ್ನು ಅಲ್ಲಿನ ರೈತರು ಬಹಳ ಹಿಂದೆಯೇ ಕಂಡುಕೊಂಡರು.

ಅವರ ಮುಖ್ಯ ತಳಿ ಗ್ರೆನಾಶ್. ಸ್ಪೇನಿನಲ್ಲಿ ಇದನ್ನು ಗರ್ನಾಚಾ ಎನ್ನುತ್ತಾರೆ. ಬಿಸಿಲು, ಬರ, ಗಾಳಿ ಮೂರನ್ನೂ ತಡೆದುಕೊಳ್ಳುವ ಈ ಬಳ್ಳಿಯನ್ನು ಹಳೆಯ ತೋಟಗಳಲ್ಲಿ ತಂತಿಗೆ ಹಬ್ಬಿಸದೆ ಗಿಡ್ಡ ಪೊದೆಯಂತೆ ಬೆಳೆಸುತ್ತಾರೆ. ತಡವಾಗಿ ಮಾಗುವ ಇದರ ಹಣ್ಣಿನಲ್ಲಿ ಸಕ್ಕರೆ ಹೇರಳವಾಗಿ ಸೇರುವುದರಿಂದ ಹುದುಗಿದ ಮೇಲೆ ವೈನ್‌ನಲ್ಲಿ ಮದ್ಯಸಾರದ ಪ್ರಮಾಣ ಸುಲಭವಾಗಿ ಶೇಕಡಾ 14 ಅಥವಾ 15ನ್ನು ಮುಟ್ಟುತ್ತದೆ. ಮಾಗಿದ ಸ್ಟ್ರಾಬೆರಿ, ರಾಸ್ಪ್‌ಬೆರಿಗಳ ಕಂಪು, ಬಾಯಿತುಂಬುವ ದುಂಡಗಿನ ರುಚಿ, ಗಂಟಲಲ್ಲಿ ಉಳಿಯುವ ಬೆಚ್ಚನೆಯ ಭಾವ ಇವು ಗ್ರೆನಾಶ್ ತರುವ ಸಂಪತ್ತು. ಅದರ ಬಡತನವೂ ಅಷ್ಟೇ ನಿಚ್ಚಳ. ಸಿಪ್ಪೆ ತೆಳುವಾದ್ದರಿಂದ ಬಣ್ಣ ಕಡಿಮೆ, ಒಗರು ಕಡಿಮೆ, ಹುಳಿಯೂ ಕಡಿಮೆ. ಇದರ ವೈನ್ ಗಾಳಿ ತಗುಲಿದರೆ ಬೇಗ ಕಳೆಗುಂದುತ್ತದೆ. ಹೂಬಿಡುವ ಕಾಲದಲ್ಲಿ ಚಳಿ, ಮಳೆ ಬಂದರೆ ಹೂ ಉದುರಿ ಫಸಲೇ ಕೈಕೊಡುತ್ತದೆ.

ಸಿರಾ ಇದಕ್ಕೆ ಪೂರಕ. ನಮ್ಮಲ್ಲಿ ಇದನ್ನು ಶಿರಾಜ್ ಎಂಬ ಹೆಸರಿನಲ್ಲಿ ಬಲ್ಲವರೇ ಹೆಚ್ಚು. ನಂದಿ ಬೆಟ್ಟದ ತಪ್ಪಲಲ್ಲಿ ಬೇರೂರಿದ ಗ್ರೋವರ್ ಸಂಸ್ಥೆಯ ‘ಲಾ ರಿಸರ್ವ್’ ವೈನ್‌ನಲ್ಲಿ ಕ್ಯಾಬರ್ನೆ ಸೋವಿನ್ಯೋ ಜೊತೆ ಬೆರೆಯುವುದು ಇದೇ ತಳಿ. ಶಿರಾಜ್ ಎಂಬ ಹೆಸರಿನಿಂದಾಗಿ ಇದು ಪರ್ಷಿಯಾದಿಂದ ಬಂದದ್ದೆಂಬ ಕತೆ ಬಹುಕಾಲ ಹಬ್ಬಿತ್ತು. ಆದರೆ 1990ರ ದಶಕದ ಕೊನೆಯಲ್ಲಿ ನಡೆದ ವಂಶವಾಹಿ ಪರೀಕ್ಷೆ, ಇದು ರೋನ್ ಸೀಮೆಯ ಆಸುಪಾಸಿನ ದ್ಯುರೆಜಾ ಮತ್ತು ಮೊಂದೂಸ್ ಬ್ಲಾಂಶ್ ಎಂಬ ಎರಡು ಸಾಧಾರಣ ತಳಿಗಳ ಸಂತಾನವೆಂದು ತೋರಿಸಿಕೊಟ್ಟಿತು. ಸಿರಾ ಕಡುನೇರಳೆ ಬಣ್ಣವನ್ನೂ, ಗಟ್ಟಿಯಾದ ಒಗರನ್ನೂ, ಗ್ರೆನಾಶ್‌ಗೆ ಕೊರತೆಯಾದ ಹುಳಿಯನ್ನೂ ಕೊಡುತ್ತದೆ. ಅದರ ಪರಿಮಳದಲ್ಲಿ ನಮಗೆ ಚಿರಪರಿಚಿತವಾದ ವಸ್ತುವೊಂದಿದೆ. ಸಿರಾದಿಂದ ಮಾಡಿದ ವೈನ್‌ನಲ್ಲಿ ಕಾಳುಮೆಣಸಿನ ವಾಸನೆ ಬರುತ್ತದೆಂದು ರುಚಿ ನೋಡುವವರು ಹಿಂದಿನಿಂದಲೂ ಹೇಳುತ್ತಿದ್ದರು. ಅದು ಬರಿಯ ಉಪಮೆಯಲ್ಲವೆಂಬುದನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೊಟಂಡೋನ್ ಎಂಬ ರಾಸಾಯನಿಕವೇ ಆ ವಾಸನೆಗೆ ಕಾರಣ. ಕೊಡಗು, ಮಲೆನಾಡಿನ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯ ಕಾಳಿನಲ್ಲಿರುವುದೂ ಅದೇ ರೊಟಂಡೋನ್. ಒಂದು ಲೀಟರ್ ಕೆಂಪು ವೈನ್‌ನಲ್ಲಿ ಒಂದು ಗ್ರಾಮಿನ ನೂರು ಕೋಟಿಯಲ್ಲಿ 16 ಪಾಲಿನಷ್ಟಿದ್ದರೂ ಮೂಗು ಅದನ್ನು ಹಿಡಿಯುತ್ತದೆ. ವಿಚಿತ್ರವೆಂದರೆ, ಸುಮಾರು ಐವರಲ್ಲಿ ಒಬ್ಬರಿಗೆ ಅದು ಇದಕ್ಕಿಂತ ಬಹಳ ಹೆಚ್ಚಿದ್ದರೂ ತಿಳಿಯುವುದಿಲ್ಲ. ಆದ್ದರಿಂದ ಒಂದೇ ಬಾಟಲಿಯಿಂದ ಕುಡಿದ ಇಬ್ಬರಲ್ಲಿ ಒಬ್ಬರು ಮೆಣಸಿದೆ ಎಂದೂ ಇನ್ನೊಬ್ಬರು ಇಲ್ಲವೆಂದೂ ಹೇಳಿದರೆ, ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ಮೂರನೆಯದು ಮೂರ್ವೆದ್ರ್. ಇದರ ಮೂಲವೂ ಸ್ಪೇನಿನ ಪೂರ್ವ ಕರಾವಳಿ. ಎಲ್ಲಕ್ಕಿಂತ ತಡವಾಗಿ ಮಾಗುವ, ಹೆಚ್ಚು ಬಿಸಿಲನ್ನು ಬೇಡುವ, ಬೇರಿಗೆ ನೀರು ತೀರ ಒಣಗಿದರೂ ಮುನಿಯುವ ಹಟಮಾರಿ ತಳಿ ಇದು. ದಪ್ಪ ಸಿಪ್ಪೆಯಿಂದ ಬರುವ ಒಗರು, ಚರ್ಮ, ಕಾಡುಮೃಗದ ಮಾಂಸ, ಕಪ್ಪು ಹಣ್ಣುಗಳನ್ನು ನೆನಪಿಸುವ ಗಾಢ ವಾಸನೆ ಇದರ ಗುರುತು. ಎಳೆಯದರಲ್ಲಿ ಒರಟೆನಿಸಿದರೂ ಇದು ಗಾಳಿಯನ್ನು ಎದುರಿಸಿ ನಿಲ್ಲುತ್ತದೆ. ಗ್ರೆನಾಶ್ ಬೇಗ ಕಳೆಗುಂದುವ ಜಾತಿ, ಮೂರ್ವೆದ್ರ್ ನಿಧಾನವಾಗಿ ತೆರೆದುಕೊಳ್ಳುವ ಜಾತಿ. ಎರಡನ್ನೂ ಕೂಡಿಸಿದರೆ ವೈನ್‌ನ ಆಯುಷ್ಯ ಹೆಚ್ಚುತ್ತದೆ. ಇವುಗಳ ಜೊತೆ ತಿಳಿಯಾದ ಹೂವಿನ ಕಂಪಿನ ಸಾಂಸೊ, ಹುಳಿ ಹೆಚ್ಚಿರುವ ಕಾರಿನ್ಯಾನ್, ಮೆಣಸಿನ ಸುಳಿವಿರುವ ಕೂನ್ವಾಜ್ ಮುಂತಾದವೂ ಸ್ವಲ್ಪ ಸ್ವಲ್ಪ ಸೇರುತ್ತವೆ.

ಬೆರಸುವ ಕೆಲಸ ಅಂಗಡಿಗೆ ಹೋಗುವ ಮುನ್ನ ಬಾಟಲಿಯಲ್ಲಿ ಆಗುವಂಥದಲ್ಲ. ಸಿರಾ ಮೊದಲು ಮಾಗುತ್ತದೆ, ಆಮೇಲೆ ಗ್ರೆನಾಶ್, ಕೊನೆಗೆ ಮೂರ್ವೆದ್ರ್. ಆದ್ದರಿಂದ ಸಾಮಾನ್ಯವಾಗಿ ಒಂದೊಂದು ತಳಿಯನ್ನೂ ಬೇರೆ ಬೇರೆಯಾಗಿ ಕೊಯ್ದು, ಬೇರೆ ಬೇರೆ ತೊಟ್ಟಿಗಳಲ್ಲಿ ಹುದುಗಲು ಬಿಡುತ್ತಾರೆ. ಗ್ರೆನಾಶ್‌ಗೆ ಗಾಳಿ ಆಗದ ಕಾರಣ ಅದನ್ನು ಸಿಮೆಂಟ್ ತೊಟ್ಟಿಯಲ್ಲೋ ಹಳೆಯ ದೊಡ್ಡ ಓಕ್ ಮರದ ಪೀಪಾಯಿಯಲ್ಲೋ ಇಡುವುದು ವಾಡಿಕೆ. ಸಿರಾ ಮತ್ತು ಮೂರ್ವೆದ್ರ್ ಸಣ್ಣ ಪೀಪಾಯಿಯನ್ನೂ ತಾಳಿಕೊಳ್ಳುತ್ತವೆ. ಆಮೇಲೆ ತಯಾರಕರು ಒಂದೊಂದು ತೊಟ್ಟಿಯ ರುಚಿ ನೋಡಿ, ಈ ವರ್ಷ ಯಾವುದು ಎಷ್ಟು ಎಂದು ನಿರ್ಧರಿಸುತ್ತಾರೆ. ಸೆಕೆ ಹೆಚ್ಚಾಗಿ ಗ್ರೆನಾಶ್ ಅತಿಯಾಗಿ ಮಾಗಿದ ವರ್ಷ ಸಿರಾದ ಪಾಲು ಏರಬಹುದು. ಮೂರ್ವೆದ್ರ್ ಮಾಗದೆ ಉಳಿದ ವರ್ಷ ಅದನ್ನು ತಗ್ಗಿಸಬಹುದು. ಎಲ್ಲ ತಳಿಗಳನ್ನೂ ಒಂದೇ ತೊಟ್ಟಿಗೆ ಸುರಿದು ಒಟ್ಟಿಗೆ ಹುದುಗಿಸುವವರೂ ಇದ್ದಾರೆ. ನಿಯಮವೆಂಬಂತೆ ಒಪ್ಪಿಕೊಂಡ ಒಂದೇ ಪ್ರಮಾಣವಿಲ್ಲ. ಗ್ರೆನಾಶ್ ಅರ್ಧಕ್ಕಿಂತ ಹೆಚ್ಚಿರುವುದೇ ಸಾಮಾನ್ಯ, ಆದರೆ ಶಾತೊ ರಯಾಸ್ ಎಂಬ ವೈನ್ ತೋಟ ತನ್ನ ಕೆಂಪು ವೈನ್‌ಗೆ ಗ್ರೆನಾಶ್ ಒಂದನ್ನೇ ಬಳಸಿದರೆ, ನೆರೆಯ ಶಾತೊ ದ ಬೋಕಾಸ್ತೆಲ್ ಅನುಮತಿಯಿರುವ 13 ತಳಿಗಳನ್ನೂ ಬೆಳೆದು ಮೂರ್ವೆದ್ರ್‌ಗೆ ಹಿರಿಯ ಸ್ಥಾನ ಕೊಡುತ್ತದೆ. ಎರಡೂ ಶಾತೊನೆಫ್-ದ್ಯು-ಪಾಪ್ ಎಂಬ ಒಂದೇ ಹೆಸರಿನಡಿ ಮಾರಾಟವಾಗುತ್ತವೆ.

ಆ ಹೆಸರಿನ ಅರ್ಥ ‘ಪೋಪರ ಹೊಸ ಕೋಟೆ’. 1309ರಲ್ಲಿ ಪೋಪರು ರೋಮಿನ ಬದಲು ಅವಿನ್ಯೋದಲ್ಲಿ ನೆಲೆಸಿದರು, 1377ರವರೆಗೆ ಅದೇ ಅವರ ಪೀಠವಾಗಿತ್ತು. ಅವರಲ್ಲಿ ಎರಡನೆಯವರಾದ 22ನೆಯ ಜಾನ್ ಹತ್ತಿರದ ದಿಣ್ಣೆಯೂರಿನಲ್ಲಿ ಬೇಸಿಗೆಯ ಕೋಟೆಯೊಂದನ್ನು ಕಟ್ಟಿಸಿದರು. ಅದರ ಮುರುಕು ಗೋಡೆ ಇಂದಿಗೂ ದ್ರಾಕ್ಷಿ ತೋಟಗಳ ಮೇಲೆ ನಿಂತಿದೆ. ಆದರೆ ಈ ವೈನ್‌ನ ಕತೆಯಲ್ಲಿ ಪೋಪರಿಗಿಂತ ನನಗೆ ಮುಖ್ಯವೆನಿಸುವುದು 20ನೆಯ ಶತಮಾನದ ಆರಂಭ. 1860ರ ದಶಕದಲ್ಲಿ ಫಿಲೊಕ್ಸೆರಾ ಎಂಬ ಬೇರುಹುಳು ಫ್ರಾನ್ಸಿನಲ್ಲಿ ಮೊದಲು ಕಾಣಿಸಿಕೊಂಡದ್ದು ಇದೇ ಸೀಮೆಯಲ್ಲಿ. ಅದು ಹಾಳುಗೆಡವಿದ ತೋಟಗಳನ್ನು ಅಮೆರಿಕದ ದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ಟಿ ಮತ್ತೆ ಎಬ್ಬಿಸಿದ್ದಾಯಿತು, ಆದರೆ ಮಾರುಕಟ್ಟೆಯಲ್ಲಿ ಮೋಸ ತುಂಬಿಕೊಂಡಿತ್ತು. ಶಾತೊನೆಫ್‌ನ ಗಟ್ಟಿ ವೈನ್ ಪೀಪಾಯಿಗಟ್ಟಲೆ ಉತ್ತರದ ಬರ್ಗಂಡಿಗೆ ಹೋಗಿ, ಅಲ್ಲಿನ ತೆಳು ವೈನ್‌ಗೆ ಕಸುವು ತುಂಬಲು ಹೆಸರಿಲ್ಲದೆ ಸೇರಿಹೋಗುತ್ತಿತ್ತು. ಇತ್ತ ಬೇರೆಲ್ಲೋ ಬೆಳೆದದ್ದು ಶಾತೊನೆಫ್ ಎಂಬ ಹೆಸರು ಹೊತ್ತು ಮಾರಾಟವಾಗುತ್ತಿತ್ತು. ಕಲಬೆರಕೆ ಎಂದರೆ ಇದು.

ಇದನ್ನು ತಡೆಯಲು ಊರಿನ ಬೆಳೆಗಾರರ ಮುಂದಾಳಾಗಿ ನಿಂತವರು ಬ್ಯಾರನ್ ಪಿಯೆರ್ ಲ ರ್ವಾ ದ ಬ್ವಾಸೋಮಾರಿಯೆ, ಕಾನೂನು ಓದಿದವರು, ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು, ಶಾತೊ ಫೋರ್ತಿಯಾದ ಒಡೆಯರು. 1923ರಲ್ಲಿ ಅವರ ನೇತೃತ್ವದಲ್ಲಿ ಬೆಳೆಗಾರರು ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು. ಯಾವ ನೆಲ, ಯಾವ ತಳಿ, ಎಷ್ಟು ಮಾಗಬೇಕು, ಕೆಟ್ಟ ಗೊಂಚಲನ್ನು ಹೇಗೆ ಬೇರ್ಪಡಿಸಬೇಕು ಎಂಬುದೆಲ್ಲ ಅದರಲ್ಲಿತ್ತು. ನೆಲವನ್ನು ಗುರುತಿಸಲು ಅವರು ಬಳಸಿದ ಮಾನದಂಡ ಸೊಗಸಾದುದು. ಥೈಮ್ ಮತ್ತು ಲ್ಯಾವೆಂಡರ್ ಗಿಡಗಳೆರಡೂ ಬೆಳೆಯುವಷ್ಟು ಬಡ ಒಣ ನೆಲವೇ ಈ ದ್ರಾಕ್ಷಿಗೆ ತಕ್ಕದ್ದೆಂದು ಅವರು ಸಾರಿದರು. 1936ರಲ್ಲಿ ಫ್ರಾನ್ಸ್ ಸರ್ಕಾರ ಪ್ರದೇಶ-ಹೆಸರುಗಳಿಗೆ ಕಾನೂನಿನ ರಕ್ಷಣೆ ಕೊಡಲಾರಂಭಿಸಿದಾಗ ಮೊದಲ ಸಾಲಿನಲ್ಲೇ ಶಾತೊನೆಫ್ ಇತ್ತು. ಶೇಕಡಾ 12.5 ಮದ್ಯಸಾರ ಕನಿಷ್ಠ ಇರಲೇಬೇಕು, ಹೆಕ್ಟೇರಿಗೆ 35 ಹೆಕ್ಟೊಲೀಟರ್‌ಗಿಂತ, ಅಂದರೆ 3,500 ಲೀಟರ್‌ಗಿಂತ ಹೆಚ್ಚು ವೈನ್ ತೆಗೆಯಬಾರದು, ಕೊಯ್ಲು ಕೈಯಿಂದಲೇ ಆಗಬೇಕು ಎಂಬ ಕಟ್ಟುಗಳು ಇಂದಿಗೂ ಇವೆ. ಬೆರಸುವುದಕ್ಕೂ ಕಲಬೆರಕೆಗೂ ನಡುವಿನ ಗೆರೆ ಯಾವುದೆಂದರೆ, ಬೆರಸುವ ವಸ್ತುಗಳೆಲ್ಲ ಒಂದೇ ನೆಲದವಾಗಿದ್ದು, ಅವು ಯಾವುವೆಂದು ಎಲ್ಲರಿಗೂ ಮೊದಲೇ ತಿಳಿದಿರುವುದು.

ಇದೇ ಕಾರಣಕ್ಕೆ ಬಾಟಲಿಯ ಚೀಟಿಯ ಮೇಲೆ ತಳಿಯ ಹೆಸರು ಹೆಚ್ಚಾಗಿ ಇರುವುದಿಲ್ಲ, ಊರಿನ ಹೆಸರಿರುತ್ತದೆ. ‘ಕೋತ್ ದ್ಯು ರೋನ್’ ಎಂದಷ್ಟೇ ಇದ್ದರೆ ಅದು ಇಡೀ ಕಣಿವೆಯ ವಿಶಾಲ ಹೆಸರು. ಹಗುರವಾದ, ಎರಡು ಮೂರು ವರ್ಷದೊಳಗೆ ಕುಡಿಯಬಹುದಾದ, ಕೈಗೆಟಕುವ ವೈನ್ ಸಾಮಾನ್ಯವಾಗಿ ಇದೇ. ‘ವಿಲಾಜ್’ ಎಂಬ ಮಾತು ಸೇರಿದರೆ ಆಯ್ದ ಹಳ್ಳಿಗಳದ್ದೆಂದೂ, ಕಟ್ಟುಪಾಡು ಬಿಗಿಯಾಗಿದೆಯೆಂದೂ ಅರ್ಥ. ಅದಕ್ಕೂ ಮೇಲೆ ಶಾತೊನೆಫ್, 1971ರಲ್ಲಿ ಸ್ವಂತ ಹೆಸರು ಪಡೆದ ಜಿಗೊಂದಾಸ್, 1990ರಲ್ಲಿ ಪಡೆದ ವಾಕೇರಾಸ್ ಮುಂತಾದ ಊರುಗಳು ಬರುತ್ತವೆ. ಹೊಸದಾಗಿ ಈ ಸೀಮೆಯ ವೈನ್ ಕೊಳ್ಳುವವರು ನೇರವಾಗಿ ದುಬಾರಿ ಶಾತೊನೆಫ್‌ಗೆ ಕೈಹಾಕುವುದಕ್ಕಿಂತ, ಒಳ್ಳೆಯ ತಯಾರಕರ ಒಂದು ವಿಲಾಜ್ ಬಾಟಲಿಯಿಂದ ಆರಂಭಿಸುವುದು ಮೇಲೆಂದು ನನ್ನ ಅನಿಸಿಕೆ. ಮೂಲ ಸ್ವಭಾವ ಅದರಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ಆ ಸ್ವಭಾವವನ್ನು ಹೇಳಲು ಕನ್ನಡದಲ್ಲಿ ಪದಗಳ ಕೊರತೆಯಿಲ್ಲ. ಲೋಟಕ್ಕೆ ಸುರಿದಾಗ ಬಣ್ಣ ಮಾಣಿಕ್ಯದ ಕೆಂಪು, ಬೋರ್ದೋ ವೈನ್‌ನಷ್ಟು ಕಪ್ಪಲ್ಲ. ಮೂಗಿಗೆ ಮೊದಲು ಮಾಗಿದ ಕೆಂಪು ಹಣ್ಣು, ಹಿಂದೆಯೇ ಮೆಣಸು, ಅದರ ಹಿಂದೆ ಒಣಗಿದ ಸೊಪ್ಪಿನ ಕಂಪು ಬರುತ್ತದೆ. ಅಲ್ಲಿನ ಕುರುಚಲು ಬಯಲಿಗೆ ಗಾರಿಗ್ ಎನ್ನುತ್ತಾರೆ. ಥೈಮ್, ರೋಸ್‌ಮೇರಿ, ಲ್ಯಾವೆಂಡರ್‌ಗಳು ಬಿಸಿಲಿಗೆ ಕಾದಾಗ ಬರುವ ಆ ಬಯಲಿನ ವಾಸನೆಯನ್ನೇ ವೈನ್‌ನಲ್ಲೂ ಗುರುತಿಸುತ್ತಾರೆ. ಬಾಯಲ್ಲಿ ಸಿಹಿ ಎಂಬ ಭ್ರಮೆ ಹುಟ್ಟುತ್ತದೆ, ಆದರೆ ಸಕ್ಕರೆ ಬಹುತೇಕ ಪೂರ್ತಿ ಹುದುಗಿ ಹೋಗಿರುತ್ತದೆ. ಆ ಸಿಹಿ ಮಾಗಿದ ಹಣ್ಣಿನ ಕಂಪು ಮತ್ತು ಮದ್ಯಸಾರ ಕೂಡಿ ಮಾಡುವ ಮೋಡಿ. ಕೊನೆಗೆ ನಾಲಿಗೆಯ ಬದಿ ಮತ್ತು ವಸಡು ಒಣಗಿದಂತಾಗುತ್ತದೆ. ವೈನ್ ಬಲ್ಲವರು ಟ್ಯಾನಿನ್ ಎಂದು ಕರೆಯುವುದು ಇದನ್ನೇ. ಅದನ್ನು ಅರ್ಥ ಮಾಡಿಕೊಳ್ಳಲು ಹೊರಗಿನ ಉದಾಹರಣೆ ಬೇಡ, ಅದು ನಮ್ಮ ಒಗರು. ನೇರಳೆ ಹಣ್ಣು ತಿಂದಾಗ, ಹಸಿ ಅಡಿಕೆ ಅಗಿದಾಗ ಬಾಯಿ ಬಿಗಿದುಕೊಳ್ಳುವುದಕ್ಕೆ ಕಾರಣ ಟ್ಯಾನಿನ್ ಜಾತಿಯ ವಸ್ತುಗಳೇ. ಅವು ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಂಡು ಬಾಯಿಯ ನುಣುಪನ್ನು ಕಸಿದುಕೊಳ್ಳುತ್ತವೆ. ವರ್ಷಗಳು ಉರುಳಿದಂತೆ ಬಾಟಲಿಯೊಳಗೆ ಈ ಒಗರು ಮೆದುವಾಗುತ್ತದೆ. ಹತ್ತು ಹದಿನೈದು ವರ್ಷದ ಒಳ್ಳೆಯ ಶಾತೊನೆಫ್‌ನಲ್ಲಿ ಹಣ್ಣಿನ ಕಂಪು ಹಿಂದೆ ಸರಿದು ಒಣ ಅಂಜೂರ, ಚರ್ಮ, ತೇವದ ತರಗೆಲೆಗಳ ವಾಸನೆ ಮುಂದೆ ಬರುತ್ತದೆ.

ಯಾವ ಊಟಕ್ಕೆ ಇದು ಹೊಂದುತ್ತದೆಂಬುದರ ಕೀಲಿಕೈಯೂ ಒಗರಿನಲ್ಲೇ ಇದೆ. ಕಪ್ಪು ಚಹಾದ ಒಗರು ಹಾಲು ಹಾಕಿದೊಡನೆ ಇಳಿಯುವುದನ್ನು ದಿನವೂ ಕಾಣುತ್ತೇವೆ. ಹಾಲಿನ ಪ್ರೋಟೀನ್ ಟ್ಯಾನಿನ್‌ಗೆ ಅಂಟಿಕೊಳ್ಳುವುದರಿಂದ ಅದಕ್ಕೆ ನಮ್ಮ ಜೊಲ್ಲನ್ನು ಹಿಡಿಯಲು ಕೈ ಉಳಿಯುವುದಿಲ್ಲ. ಮಾಂಸವೂ ಚೀಸೂ ಮಾಡುವುದು ಅದೇ ಕೆಲಸ. ಪ್ರತಿಯಾಗಿ ವೈನ್‌ನ ಒಗರು ಬಾಯಿಗೆ ಮೆತ್ತಿದ ಕೊಬ್ಬಿನ ಜಿಡ್ಡನ್ನು ತೊಳೆದು, ಮುಂದಿನ ತುತ್ತನ್ನು ಮೊದಲನೆಯದರಷ್ಟೇ ರುಚಿಯಾಗಿಸುತ್ತದೆ. ಉಪ್ಪು ಕೂಡ ಒಗರನ್ನೂ ಕಹಿಯನ್ನೂ ತಗ್ಗಿಸುತ್ತದೆ. ಹಾಗಾಗಿ ಈ ವೈನ್ ಬರಿದಾಗಿ ಕುಡಿಯುವುದಕ್ಕಿಂತ ಊಟದ ಜೊತೆ ಬಹಳ ಚೆನ್ನು.

ಅದರ ತವರಿನ ಊಟವೇ ಇದಕ್ಕೆ ಸಾಕ್ಷಿ. ಪ್ರೊವಾನ್ಸ್ ಸೀಮೆಯಲ್ಲಿ ದನದ ಮಾಂಸವನ್ನು ಕೆಂಪು ವೈನ್, ಸೊಪ್ಪು, ಕಿತ್ತಳೆ ಸಿಪ್ಪೆಯೊಂದಿಗೆ ನೆನೆಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುವ ದೋಬ್ ಎಂಬ ಅಡುಗೆಯಿದೆ. ರೋಸ್‌ಮೇರಿ ಮತ್ತು ಬೆಳ್ಳುಳ್ಳಿ ಚುಚ್ಚಿ ಸುಟ್ಟ ಎಳೆ ಕುರಿಯ ತೊಡೆಯಿದೆ. ಬದನೆ, ಟೊಮ್ಯಾಟೊ, ದಪ್ಪಮೆಣಸಿನಕಾಯಿ, ಜುಕೀನಿಯನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸಿದ ರಾತಾತುಯಿ ಇದೆ. ಸಸ್ಯಾಹಾರಿಗಳಿಗೆ ಈ ವೈನ್‌ನ ಜೊತೆಗಾರನಾಗಿ ನಾನು ಮೊದಲು ಸೂಚಿಸುವುದು ಇದನ್ನೇ, ಏಕೆಂದರೆ ಎಣ್ಣೆಯಲ್ಲಿ ಬೆಂದ ಬದನೆಯ ತಿರುಳು ಬಾಯಲ್ಲಿ ಗ್ರೆನಾಶ್‌ನಷ್ಟೇ ದುಂಡಗೆ ಕೂಡುತ್ತದೆ. ದ್ರೋಮ್, ಆರ್ದೇಶ್ ಜಿಲ್ಲೆಗಳ ಪಿಕೊದೋ ಎಂಬ ಪುಟ್ಟ ಮೇಕೆ ಚೀಸ್ ಚೆನ್ನಾಗಿ ಹಳತಾಗಿದ್ದರೆ ಅದೂ ಒಪ್ಪುತ್ತದೆ. ಚಳಿಗಾಲದಲ್ಲಿ ರಿಶರಾಂಶ್ ಊರಿನ ಸಂತೆಗೆ ಬರುವ ಕಪ್ಪು ಟ್ರಫಲ್ ಅಣಬೆಯನ್ನು ಮೊಟ್ಟೆಯ ಆಮ್ಲೆಟ್‌ಗೆ ತುರಿದು ಹಾಕಿದರೆ, ಅದಕ್ಕೆ ತಕ್ಕ ಸಂಗಾತಿ ಎಳೆಯ ವೈನ್ ಅಲ್ಲ, ಒಗರು ಇಳಿದ ಹಳೆಯದು. ಮಣ್ಣಿನ ವಾಸನೆಗೆ ಮಣ್ಣಿನ ವಾಸನೆ ಜೊತೆಯಾಗುತ್ತದೆ.

ನಮ್ಮ ಅಡುಗೆಮನೆಗೆ ಬಂದಾಗ ಮೆಣಸು ಮತ್ತು ಮೆಣಸಿನಕಾಯಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಕಾಳುಮೆಣಸು ಈ ವೈನ್‌ನ ಬಂಧು, ಮೆಣಸಿನಕಾಯಿ ವೈರಿ. ಮೆಣಸಿನಕಾಯಿಯ ಉರಿಯನ್ನು ಗುರುತಿಸುವ ನರದ ಬಾಗಿಲನ್ನೇ ಮದ್ಯಸಾರವೂ ತಟ್ಟುತ್ತದೆ. ಹೀಗಾಗಿ ಶೇಕಡಾ 15ರ ವೈನ್ ಖಾರವನ್ನು ಆರಿಸದೆ ಕೆರಳಿಸುತ್ತದೆ, ಹಣ್ಣಿನ ಕಂಪು ಆ ಉರಿಯಲ್ಲಿ ಕಾಣೆಯಾಗುತ್ತದೆ. ಗುಂಟೂರು ಮೆಣಸಿನಕಾಯಿ ಅರೆದು ಮಾಡಿದ ಸಾರಿನ ಪಕ್ಕ ಇದನ್ನು ಇಡುವುದು ಎರಡಕ್ಕೂ ಅನ್ಯಾಯ. ಬದಲಿಗೆ ಕಾಳುಮೆಣಸೇ ಮುಂದಾಗಿರುವ ಮಟನ್ ಪೆಪ್ಪರ್ ಫ್ರೈ, ಮೆಣಸು ಹಾಕಿ ಹುರಿದ ಅಣಬೆ, ಶೇಂಗಾ ಎಳ್ಳಿನ ಜಿಡ್ಡಿರುವ, ಖಾರ ಹಿಡಿತದಲ್ಲಿರುವ ಎಣ್ಣೆಗಾಯಿ ಇವು ಚೆನ್ನಾಗಿ ಹೊಂದುತ್ತವೆ. ಕೊಡವರ ಪಂದಿ ಕರಿಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಹಂದಿಯ ಕೊಬ್ಬು ಒಗರಿಗೆ ಹೇಳಿ ಮಾಡಿಸಿದ್ದು, ಹುರಿದ ಮೆಣಸು ಸಿರಾದ ಮೆಣಸನ್ನು ಎತ್ತಿ ಹಿಡಿಯುತ್ತದೆ. ಆದರೆ ಕಾಚಂಪುಳಿಯ ಹುಳಿ ವೈನ್‌ನ ಹುಳಿಗಿಂತ ಜೋರಾಗಿರುವುದರಿಂದ, ಹುಳಿ ಕಡಿಮೆಯಿರುವ ಗ್ರೆನಾಶ್ ಹೆಚ್ಚಾದ ವೈನ್ ಅದರ ಮುಂದೆ ಸಪ್ಪೆಯಾಗಿ ತೋರುತ್ತದೆ. ಸಿರಾ ಹೆಚ್ಚಿರುವ, ಎಳೆಯ, ಸಾಧಾರಣ ಬೆಲೆಯ ಕೋತ್ ದ್ಯು ರೋನ್ ಇಲ್ಲಿ ಹಳೆಯ ಶಾತೊನೆಫ್‌ಗಿಂತ ಸರಿಯಾದ ಆಯ್ಕೆ.

ಕರಾವಳಿಯವರು ಬಂಗುಡೆ, ಬೂತಾಯಿಗಳ ಜೊತೆ ಇದನ್ನು ತಪ್ಪಿಸುವುದು ಒಳಿತು. ವೈನ್‌ನಲ್ಲಿರುವ ಕಬ್ಬಿಣದ ಅಂಶ ಸಮುದ್ರಾಹಾರದ ಕೊಬ್ಬಿನೊಂದಿಗೆ ಕೂಡಿ ಬಾಯಲ್ಲಿ ಉಳಿಯುವ ಅಹಿತಕರ ಮೀನುವಾಸನೆ ಹುಟ್ಟಿಸುತ್ತದೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದ್ದಾರೆ. ಹೋಳಿಗೆ, ಪಾಯಸದ ಜೊತೆಯೂ ಬೇಡ. ಸಿಹಿಯ ಮುಂದೆ ವೈನ್ ಬರಿಯ ಹುಳಿ ಮತ್ತು ಕಹಿಯಾಗಿ ಉಳಿಯುತ್ತದೆ.

ಇನ್ನು ಬಡಿಸುವ ಬಿಸಿ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ಮಾತು ಯುರೋಪಿನ ಹಳೆಯ ತಣ್ಣನೆಯ ಮನೆಗಳಿಗೆ ಸಲ್ಲುವಂಥದು. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಾಗಲಿ ಕಲಬುರಗಿಯಲ್ಲಾಗಲಿ ಹಾಗೆ ಸುರಿದರೆ ಮದ್ಯಸಾರವೇ ಮೂಗಿಗೆ ಅಡರುತ್ತದೆ. ಈ ವೈನ್‌ಗೆ ತಕ್ಕದ್ದು 16ರಿಂದ 18 ಡಿಗ್ರಿ, ಅಂದರೆ ಬಡಿಸುವ ಮುನ್ನ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಸಾಕು. ಎಳೆಯ ಬಾಟಲಿಯನ್ನು ಅಗಲ ಬಾಯಿಯ ಹೂಜಿಗೆ ಬಗ್ಗಿಸಿ ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಬಹುದು, ಹಳೆಯದನ್ನು ತಳದ ಗಷ್ಟು ಕದಡದಂತೆ ನಿಧಾನವಾಗಿ ಸುರಿಯಬೇಕು. ಉಳಿದ ವೈನ್‌ಗೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿ ಇಟ್ಟರೆ ಎರಡು ಮೂರು ದಿನ ಬಾಳುತ್ತದೆ. ಮರುದಿನ ಒಂದು ಗುಟುಕು ರುಚಿ ನೋಡಿದಾಗ, ಗ್ರೆನಾಶ್ ಹೆಚ್ಚಿರುವ ಬಾಟಲಿಯಲ್ಲಿ ಹಣ್ಣಿನ ಕಂಪು ಅರ್ಧ ಆರಿಹೋಗಿರುತ್ತದೆ. ಮೂರ್ವೆದ್ರ್‌ನ ಪಾಲು ದೊಡ್ಡದಾಗಿರುವ ಬಾಟಲಿ ಮಾತ್ರ ಹಿಂದಿನ ಸಂಜೆ ಬಿಗಿದಿಟ್ಟುಕೊಂಡಿದ್ದ ಪರಿಮಳವನ್ನು ಆಗ ಬಿಡಲಾರಂಭಿಸುತ್ತದೆ.